ಇನ್ನೂ ಏಪ್ರಿಲ್ ಅಷ್ಟೇ, ಮಾವ

ನಮ್ಮ ಅಳಿಯಂದಿರು ಒಂದು ಮಿಕ್ಸಿ ಕೊಳ್ಳುವುದಕ್ಕೆ ಮೂರು ವಾರ ತೆಗೆದುಕೊಂಡವರು. ಯಾವುದು ಎಷ್ಟು ಸದ್ದು ಮಾಡುತ್ತದೆ, ಜಾರು ಬಿರುಕು ಬಿಟ್ಟಿತೆಂದು ಗೋಳಾಡಿದವರು ಎಷ್ಟು ಜನ, ಅವರಲ್ಲಿ ನಿಜಕ್ಕೂ ದೋಸೆಹಿಟ್ಟು ರುಬ್ಬಿದವರು ಎಷ್ಟು ಜನ, ಇಷ್ಟನ್ನೂ ಕೋಷ್ಟಕ ಮಾಡಿ, ಕೊನೆಗೆ ಮೊದಲ ದಿನ ನನ್ನ ಮಗಳು ಬೊಟ್ಟು ಮಾಡಿದ ಮಿಕ್ಸಿಯನ್ನೇ ತಂದರು. ಸಿಯಾಟಲ್ ಹತ್ತಿರ ಅವರಿಗೆ ಅಂಕಿ-ಅಂಶದ ಕೆಲಸ. ಮನೆಯಿಂದಲೇ ಕೆಲಸ ಮಾಡುವ ದಿನ ಬಾಗಿಲ ಸಂದಿಯಿಂದ ಮಾತು ಕೇಳಿಸುತ್ತದೆ. ಕೈಕೆಳಗಿನ ಹುಡುಗರಿಗೆ ಅವರು ಹೇಳುವ ಬುದ್ಧಿಮಾತು ಒಂದೇ: ನಾಲ್ಕು ದಿನದ ಲೆಕ್ಕ ಹಿಡಿದುಕೊಂಡು ತೀರ್ಮಾನಕ್ಕೆ ಬರಬೇಡಿ, ಸ್ಯಾಂಪಲ್ ಸಾಲದು, ತಾಳ್ಮೆ ಇರಲಿ. ಹಾಸನದ ಕಡೆ ಹೈಸ್ಕೂಲಿನಲ್ಲಿ 32 ವರ್ಷ ಗಣಿತ ಹೇಳಿದ ನನಗೆ ಇಂಥ ಅಳಿಯ ಸಿಕ್ಕಿದ್ದು ಪೂರ್ವಜನ್ಮದ ಪುಣ್ಯ ಎಂದೇ ತಿಳಿದಿದ್ದೆ. ಏಪ್ರಿಲ್ ತಿಂಗಳಲ್ಲಿ ಅವರ ಮನೆಗೆ ಹೋಗುವ ತನಕ.

ಏಪ್ರಿಲ್ ಎಂದರೆ ಅಲ್ಲಿ ಬೇಸ್‌ಬಾಲ್ ಚಿಗುರುವ ಹೊತ್ತು. ಮಾರ್ಚ್ ಕೊನೆಗೆ ಶುರುವಾಗಿ ಸೆಪ್ಟೆಂಬರ್ ಕೊನೆಯ ತನಕ ಒಂದೊಂದು ತಂಡಕ್ಕೂ 162 ಪಂದ್ಯ. ಹೆಚ್ಚುಕಡಿಮೆ ದಿನಾ ಒಂದು, ಸಂಧ್ಯಾವಂದನೆಯ ಹಾಗೆ. ಅಳಿಯಂದಿರ ತಂಡ ಸಿಯಾಟಲ್ ಮ್ಯಾರಿನರ್ಸ್. 30 ತಂಡಗಳ ಪೈಕಿ ವರ್ಲ್ಡ್ ಸೀರೀಸ್ ಎಂಬ ಕೊನೆಯ ಹಣಾಹಣಿಗೆ, 2025ರ ಸೀಸನ್ ಮುಗಿಯುವವರೆಗೂ ಒಮ್ಮೆಯೂ ಕಾಲಿಡದ ತಂಡ ಅದೊಂದೇ. ಗೆಲ್ಲುವುದಿರಲಿ, ಹೊಸಿಲು ದಾಟಿಲ್ಲ. 1977ರಲ್ಲಿ ಹುಟ್ಟಿದ ಕೂಸು. ಮೊಟ್ಟಮೊದಲ ಪಂದ್ಯವನ್ನೇ 7-0ಯಲ್ಲಿ ಸೋತು ಕಣ್ಣುಬಿಟ್ಟಿತು. ಸಂಬಂಧ ಬಂದಾಗ ನಾವು ಜಾತಕ ನೋಡಿದೆವು, ಸಂಬಳ ವಿಚಾರಿಸಿದೆವು, ಸಿಗರೇಟು ಉಂಟೇ ಎಂದು ಅವರಿವರ ಕಡೆಯಿಂದ ಕೇಳಿಸಿದೆವು. ಯಾವ ಟೀಮು ಎಂದು ಕೇಳುವುದು ಯಾರಿಗೂ ಹೊಳೆಯಲಿಲ್ಲ.

ಸುಳಿವು ಮದುವೆಯ ವಾರವೇ ಸಿಕ್ಕಿತ್ತು. 2012ರ ಆಗಸ್ಟ್ 15. ಶಾಲೆಯಲ್ಲಿ ಬಾವುಟ ಹಾರಿಸಿ, ಲಾಡು ಹಂಚಿ, ಮನೆಗೆ ಬಂದು ಮಲಗಿದ್ದೆ. ರಾತ್ರಿ ಮೂರು ಗಂಟೆಯ ಮೇಲೆ ನೀರು ಕುಡಿಯಲು ಎದ್ದರೆ, ಹೊಸ ಅಳಿಯ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಫೋನು ಹಿಡಿದು ಕೂತಿದ್ದಾರೆ, ಕಣ್ಣಲ್ಲಿ ನೀರು. ನನ್ನ ಎದೆ ಧಸಕ್ಕೆಂದಿತು. ಅಮೆರಿಕದಲ್ಲಿ ಇನ್ಯಾರೋ ಇದ್ದಾರೆ, ಮಗಳ ಬಾಳು ಹಾಳಾಯಿತು ಎಂದುಕೊಂಡು ಬೆಳಗಿನ ತನಕ ಹೊರಳಾಡಿದೆ. ಇನ್ಯಾರೋ ಇದ್ದದ್ದು ನಿಜವೇ. ಫೆಲಿಕ್ಸ್ ಹೆರ್ನಾಂಡೆಜ್ ಎಂದು ಹೆಸರು. ಅಷ್ಟು ಹೊತ್ತಿಗೆ ಅಲ್ಲಿ ಆತ ಎದುರಿಗೆ ಬಂದ 27 ಬ್ಯಾಟರುಗಳಲ್ಲಿ ಒಬ್ಬನನ್ನೂ ಮೊದಲ ಬೇಸ್ ಮುಟ್ಟಲು ಬಿಡದೆ ಪಂದ್ಯ ಮುಗಿಸಿದ್ದ. ಪರ್ಫೆಕ್ಟ್ ಗೇಮ್ ಎನ್ನುತ್ತಾರೆ. ಆ ತಂಡದ ಚರಿತ್ರೆಯಲ್ಲಿ ಅಂಥದ್ದು ಒಂದೇ ಒಂದು. ವರ್ಷಗಟ್ಟಲೆ ಆ ತಂಡದ ಗ್ಯಾಲರಿಯಲ್ಲಿ ಚಳಿಗೆ ನಡುಗಿದ ಮನುಷ್ಯ, ಅದೊಂದು ದಿನ ಬೀಗರ ಊಟಕ್ಕೆಂದು ಹಾಸನದಲ್ಲಿದ್ದರು. ಈ ಬಗ್ಗೆ ಅವರು ನಮ್ಮನ್ನು ದೂರಿದವರಲ್ಲ. ಆದರೆ ಮದುವೆ ಯಾವ ವರ್ಷ ಆಯಿತೆಂದು ಯಾರಾದರೂ ಕೇಳಿದರೆ "ಫೆಲಿಕ್ಸ್ ಪರ್ಫೆಕ್ಟ್ ಗೇಮ್ ವರ್ಷ" ಎನ್ನುತ್ತಾರೆ. ಅಡುಗೆಮನೆಯಲ್ಲಿ ಪಾತ್ರೆಯೊಂದು ದಡಾರೆನ್ನುತ್ತದೆ.

ಸೀಸನ್ನಿನ ಮೊದಲ ದಿನ ಗೆದ್ದರೆ ಇವರ ಮುಖಕ್ಕೆ ಹಬ್ಬದ ಕಳೆ ಬರುತ್ತದೆಂದು ನೀವು ಎಣಿಸಿದ್ದರೆ ತಪ್ಪು. ಗೆದ್ದ ದಿನವೇ ಹೆಚ್ಚು ಸಂಕಟ. "ಇಷ್ಟು ಬೇಗ ಚೆನ್ನಾಗಿ ಆಡಬಾರದು ಮಾವ. ಇರೋ ಅದೃಷ್ಟನೆಲ್ಲ ಈಗಲೇ ಖರ್ಚು ಮಾಡ್ಕೊಂಡ್ರೆ ಸೆಪ್ಟೆಂಬರ್‌ಗೆ ಏನು ಉಳಿಯತ್ತೆ?" ಸೋತರೆ ಮಾತ್ರ ಸಮಾಧಾನವಾಗಿ, "ಇನ್ನೂ ಏಪ್ರಿಲ್ ಅಷ್ಟೇ" ಎನ್ನುತ್ತಾರೆ. ಕಾದ ಹಣೆ ಮುಟ್ಟಿ ನೋಡಿ "ಜ್ವರ ಏನಲ್ಲ, ಸ್ವಲ್ಪ ಬೆಚ್ಚಗಿದೆ" ಎನ್ನುವ ತಾಯಂದಿರ ಧಾಟಿ. ಸಾಲಾಗಿ ಮೂರು ಸೋತರೆ ಮಾತಿನ ಮುಂದಿನ 'ಇನ್ನೂ' ಬಿದ್ದುಹೋಗುತ್ತದೆ. ಐದು ಸೋತರೆ 'ಅಷ್ಟೇ'ಯೂ ಹೋಗಿ 'ಏಪ್ರಿಲ್' ಎಂಬ ನಿಟ್ಟುಸಿರೊಂದು ಉಳಿಯುತ್ತದೆ.

ಇನ್ನು ಲೆಕ್ಕ. ಒಬ್ಬ ಹುಡುಗ ಮೊದಲೆರಡು ಪಂದ್ಯದಲ್ಲಿ ನಮ್ಮ ಸಿಕ್ಸರಿನಂಥ ಎರಡು ಹೋಮ್ ರನ್ ಬಾರಿಸಿದನೆನ್ನಿ. ಅಳಿಯಂದಿರು ಸುತ್ತ ನೋಡಿ, ದನಿ ತಗ್ಗಿಸಿ, "ಇದೇ ಸ್ಪೀಡಲ್ಲಿ ಹೋದ್ರೆ 162 ಆಗತ್ತೆ ಮಾವ" ಎನ್ನುತ್ತಾರೆ. ಆ ಆಟ ಹುಟ್ಟಿದಂದಿನಿಂದ ಒಂದು ಸೀಸನ್ನಿಗೆ 73ರ ಮೇಲೆ ಯಾರೂ ಹೊಡೆದಿಲ್ಲ, ಅದೂ 2001ರಲ್ಲಿ ಬ್ಯಾರಿ ಬಾಂಡ್ಸ್ ಒಬ್ಬನೇ ಎಂದು ನನಗೆ ಪಾಠ ಮಾಡಿದವರೂ ಇವರೇ. ಇನ್ನೊಬ್ಬ ಮೊದಲ ಹನ್ನೊಂದು ಸಲವೂ ಖಾಲಿ ಕೈಯಲ್ಲಿ ವಾಪಸು ಬಂದಿದ್ದರೆ ಅವನು ಜನ್ಮದಲ್ಲಿ ಚೆಂಡು ಮುಟ್ಟುವುದಿಲ್ಲ, ಇವತ್ತೇ ಬೇರೆ ಟೀಮಿಗೆ ದಾಟಿಸಬೇಕು. ಒಂದು ಮೊಟ್ಟೆ ಬೇಯಲು ಹತ್ತು ನಿಮಿಷವಾದರೆ ಆರು ಮೊಟ್ಟೆಗೆ ಒಂದು ಗಂಟೆ ಎಂದು ತ್ರೈರಾಶಿ ಹಾಕಿದ ಹುಡುಗರನ್ನು ನಾನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಅಳಿಯಂದಿರನ್ನು ನಿಲ್ಲಿಸುವಂತಿಲ್ಲ.

ಈ ಬೇಸ್‌ಬಾಲಿನ ಮಾರ್ಕ್ಸ್ ಕೊಡುವ ರೀತಿಯೇ ನನಗೆ ಒಗ್ಗಿಲ್ಲ, ಅದು ಬೇರೆ ಮಾತು. ಬ್ಯಾಟ್ ಹಿಡಿದವನು ಹತ್ತರಲ್ಲಿ ಮೂರು ಸಲ ಗುರಿ ಮುಟ್ಟಿದರೆ ಅವನಿಗೆ ಚಿನ್ನದ ಪದಕ. ನಮ್ಮ ಎಸ್‌ಎಸ್‌ಎಲ್‌ಸಿಯಲ್ಲಿ ಅಷ್ಟು ತೆಗೆದವರನ್ನು ಸಪ್ಲಿಮೆಂಟರಿಗೆ ಕಟ್ಟು ಎನ್ನುತ್ತಿದ್ದೆವು. 2023ರ ಸೀಸನ್ ಮುಗಿದ ಮೇಲೆ ತಂಡದ ಆಡಳಿತದ ಹಿರಿಯರು, ಹತ್ತು ವರ್ಷದ ಸರಾಸರಿಯಲ್ಲಿ ಶೇ. 54 ಪಂದ್ಯ ಗೆಲ್ಲುತ್ತ ಹೋದರೆ ಒಂದಲ್ಲ ಒಂದು ದಿನ ವರ್ಲ್ಡ್ ಸೀರೀಸ್ ತಲುಪುತ್ತೇವೆ ಎಂಬರ್ಥದ ಮಾತಾಡಿ ಊರೆಲ್ಲ ಉಗಿಸಿಕೊಂಡರಂತೆ. ಅಳಿಯಂದಿರು ಇವತ್ತಿಗೂ ಆ ಸಂಖ್ಯೆ ಕೇಳಿದರೆ ಕೆಂಡವಾಗುತ್ತಾರೆ. ಅಂಗಡಿಯಲ್ಲಿ ಬಿಲ್ಲು 54 ಡಾಲರ್ ಆದರೆ ಒಂದು ಚೂಯಿಂಗ್ ಗಮ್ ಸೇರಿಸಿ ಕೊಡುತ್ತಾರೆ. "54 ಅಂದ್ರೆ ಸೆಕೆಂಡ್ ಕ್ಲಾಸ್ ಅಲ್ವಾ, ಪರವಾಗಿಲ್ಲ" ಎಂದೆ ನಾನೊಮ್ಮೆ. ಆ ರಾತ್ರಿ ಅವರು ಸಾರಿಗೆ ತುಪ್ಪ ಹಾಕಿಸಿಕೊಳ್ಳಲಿಲ್ಲ.

ಏಪ್ರಿಲ್‌ನಲ್ಲಿ ಇನ್ನೊಂದು ಆಪತ್ತು ಜೊತೆಗೂಡುತ್ತದೆ. ಅದೇ ಹೊತ್ತಿಗೆ ಐಪಿಎಲ್. ನಮ್ಮೂರಿನ ಸಂಜೆ ಏಳೂವರೆ ಅವರಿಗೆ ಬೆಳಿಗ್ಗೆ ಏಳು. ಬೆಳಗಿನ ಕಾಫಿಗೆ ಆರ್‌ಸಿಬಿ, ಸಂಜೆಯ ಟೀಗೆ ಮ್ಯಾರಿನರ್ಸ್. ಎರಡೂ ಹೊತ್ತು ರಕ್ತದೊತ್ತಡ. 2025ರಲ್ಲಿ ಆರ್‌ಸಿಬಿ ಹದಿನೆಂಟನೆಯ ಪ್ರಯತ್ನಕ್ಕೆ ಕಪ್ ಗೆದ್ದ ಮೇಲೆ ಸ್ವಲ್ಪ ಹಗುರಾಗಿದ್ದಾರೆ. ದೊಡ್ಡ ಮಗಳ ಮದುವೆಯಾಯಿತು, ಚಿಕ್ಕವಳದು ಉಳಿಯಿತು ಎನ್ನುವ ತಂದೆಯ ಹಾಗೆ.

ಒಂದು ವರ್ಷ ನಮ್ಮನ್ನೂ ಸ್ಟೇಡಿಯಂಗೆ ಕರೆದುಕೊಂಡು ಹೋದರು. ಗಾಲಿಗಳ ಮೇಲೆ ಓಡುವ ಚಾವಣಿ ಇದೆ, ಮಳೆ ಬಂದರೆ ಮುಚ್ಚುತ್ತಾರೆ ಎಂದು ಧೈರ್ಯ ಹೇಳಿದ್ದರು. ಮುಚ್ಚಿದರು ನಿಜ. ಆದರೆ ಅದು ಕೊಡೆ ಹಿಡಿದ ಹಾಗೆ ತಲೆಯ ಮೇಲಷ್ಟೇ. ಪಕ್ಕದಿಂದ ಕಡಲಿನ ಚಳಿಗಾಳಿ ಸಲೀಸಾಗಿ ಬಂದು ಹೋಗುತ್ತದೆ. ನನ್ನ ಹೆಂಡತಿ ಸೀರೆಯ ಮೇಲೆ ಸ್ವೆಟರು, ಅದರ ಮೇಲೆ ಅಳಿಯನ ಜಾಕೀಟು, ಅದರ ಮೇಲೆ ನನ್ನ ಶಾಲು ಹೊದ್ದು ಗಂಟುಮೂಟೆಯಂತೆ ಕೂತಳು. ಆ ಚಳಿಯೇ ಅಳಿಯಂದಿರ ಏಪ್ರಿಲ್ ಫಿರ್ಯಾದಿನಲ್ಲಿ ಮೊದಲ ಆರೋಪಿ. ತಣ್ಣನೆಯ ಗಾಳಿಯಲ್ಲಿ ಚೆಂಡು ದೂರ ಹೋಗುವುದಿಲ್ಲವಂತೆ. ನಮ್ಮವರು ಎತ್ತಿ ಹೊಡೆದ ಚೆಂಡು ಬೇಲಿಯ ಹತ್ತಿರ ಹೋಗಿ ಎದುರಾಳಿಯ ಕೈಗೆ ಬಿದ್ದಾಗಲೆಲ್ಲ ಇವರು ಎದ್ದು ನಿಂತು, "ಜುಲೈ ಆಗಿದ್ರೆ ಹೋಗಿರೋದು!" ಎಂದು ಕೂಗುತ್ತಾರೆ. ಎದುರಾಳಿ ಹೊಡೆದದ್ದು ಅದೇ ಗಾಳಿಯಲ್ಲಿ ಬೇಲಿ ದಾಟಿದರೆ ಮಾತ್ರ ಹವಾಮಾನದ ಪ್ರಸ್ತಾಪವಿಲ್ಲ.

ನನ್ನ ಹೆಂಡತಿಗೆ ಆಟ ಬೇಗ ಅರ್ಥವಾಯಿತು. ಮನೆಯಿಂದ ಹೊರಟು ಮೂರು ನಿಲ್ದಾಣ ಸುತ್ತಿ ಮತ್ತೆ ಮನೆಗೆ ಬಂದರೆ ಒಂದು ರನ್. ಅವತ್ತು ಮೂರು ನಿಲ್ದಾಣದಲ್ಲೂ ನಮ್ಮ ಹುಡುಗರು ನಿಂತಿದ್ದಾರೆ, ಕರೆತರಬೇಕಾದವನು ಬ್ಯಾಟು ಬೀಸಿ ಬೀಸಿ ಔಟಾಗಿ ಹೋದ. ಅಳಿಯಂದಿರು ತಲೆಯ ಮೇಲೆ ಕೈ ಹೊತ್ತರು. "ಅಯ್ಯೋ, ಮೂರು ಮಕ್ಕಳನ್ನೂ ಬಸ್‌ಸ್ಟ್ಯಾಂಡಲ್ಲೇ ಬಿಟ್ಟು ಬಂದ್ರಲ್ಲಪ್ಪ" ಎಂದಳು ಇವಳು. ಹದಿಮೂರು ವರ್ಷದಲ್ಲಿ ಅತ್ತೆಯನ್ನು ಅವರು ಅಷ್ಟು ಆರ್ದ್ರವಾಗಿ ನೋಡಿದ್ದನ್ನು ನಾನು ಕಂಡಿಲ್ಲ. ತಿನ್ನಲು ಏನಾದರೂ ತರುತ್ತೇನೆಂದು ಹೊರಟರು. ಅಲ್ಲಿನ ವಿಶೇಷ ತಿನಿಸು ಹುರಿದ ಮಿಡತೆ. ಎಡ್ಗರ್ ಮಾರ್ಟಿನೆಜ್ ಎಂಬ ಹಳೆಯ ಆಟಗಾರನ ಬ್ಯಾಟಿಂಗ್ ಸರಾಸರಿಯ ಗೌರವಾರ್ಥ ಪಂದ್ಯಕ್ಕೆ 312 ಕಪ್ ಮಾತ್ರ ಮಾರುತ್ತಾರೆ. ನಮಗೆ ಆಲೂ ಚಿಪ್ಸ್ ಬಂತು. ಗೌರವ ಸಲ್ಲಿಸಲು ಬೇರೆಯವರು ಸಾಲುಗಟ್ಟಿದ್ದರು.

ತಂಡದ ದುರದೃಷ್ಟಕ್ಕೆ ಕಾರಣ ಕಂಡುಹಿಡಿದವಳೂ ಇವಳೇ. ಅಳಿಯಂದಿರ ಹಳೆಯ ಟೋಪಿಯ ಮೇಲೆ ಒಂದು ತ್ರಿಶೂಲ. ಮ್ಯಾರಿನರ್ಸ್ ಎಂದರೆ ಕಡಲಿಗರು, ಹಾಗಾಗಿ ಸಮುದ್ರದೇವತೆಯ ಆಯುಧ. ಅದರಲ್ಲೇ ಇಂಗ್ಲಿಷಿನ ಎಂ ಅಕ್ಷರ ಕಾಣಲೆಂದು ಮೊನೆಗಳನ್ನು ಕೆಳಗೆ ಮಾಡಿ ಬರೆದುಬಿಟ್ಟಿದ್ದಾರೆ. ಇವಳು ಟೋಪಿ ಕೈಗೆತ್ತಿಕೊಂಡು, "ಶಿವ ಶಿವಾ! ತ್ರಿಶೂಲನ ತಲೆಕೆಳಗೆ ನೆಟ್ಟು ಕಪ್ ಬೇಕು ಅಂದ್ರೆ ಎಲ್ಲಿಂದ ಬರತ್ತೆ?" ಎಂದಳು. ಅಲ್ಲಿನ ಬಿಳಿಯ ಅಭಿಮಾನಿಗಳೂ ಅದನ್ನು ಅಪಶಕುನ ಎನ್ನುತ್ತಾರೆಂದು ಕೇಳಿದ ಮೇಲೆ ಇವಳಿಗೆ ಆ ದೇಶದ ಮೇಲೆ ಗೌರವ ಹುಟ್ಟಿತು.

ಗೌರವ ಬಹಳ ದಿನ ಉಳಿಯಲಿಲ್ಲ. 2022ರಲ್ಲಿ, 21 ವರ್ಷದ ಮೇಲೆ ಆ ಊರಿನಲ್ಲಿ ಪ್ಲೇ-ಆಫ್ ಪಂದ್ಯ ನಡೆದಾಗ ಜನ ಅದೃಷ್ಟಕ್ಕೆಂದು ಕಾಲಿನ ಶೂ ಬಿಚ್ಚಿ ತಲೆಯ ಮೇಲೆ ಇಟ್ಟುಕೊಂಡರು. ನಮ್ಮ ಅಳಿಯಂದಿರೂ ಇಟ್ಟುಕೊಂಡ ಫೋಟೋ ಇದೆ, ಮಗಳು ಜೋಪಾನ ಮಾಡಿದ್ದಾಳೆ. ಒಂಬತ್ತು ಇನ್ನಿಂಗ್ಸಿಗೆ ಮುಗಿಯಬೇಕಾದ ಆಟ ಹದಿನೆಂಟಕ್ಕೆ ಬೆಳೆದು, ಆರು ಗಂಟೆ ದಾಟಿ, ಕೊನೆಗೆ ತಂಡ 1-0ಯಲ್ಲಿ ಸೋತಿತು. ಭರತನಾದರೂ ಅಣ್ಣನ ಪಾದುಕೆ ಹೊತ್ತ, ಇವರು ಸ್ವಂತದ್ದೇ ಹೊತ್ತರು. ಭರತ ಕಾದದ್ದು 14 ವರ್ಷ. ಇವರ ಲೆಕ್ಕ 1977ರಿಂದ.

2025ರ ಸೆಪ್ಟೆಂಬರ್‌ನಲ್ಲಂತೂ ಯಾರೋ ಅಭಿಮಾನಿ ಆನ್‌ಲೈನ್‌ನಲ್ಲಿ ಒಬ್ಬ ಮಾಟಗಾತಿಗೆ ದುಡ್ಡು ಕಟ್ಟಿ ಮಂತ್ರ ಹಾಕಿಸಿದ. ತಂಡ ಸಾಲಾಗಿ ಗೆಲ್ಲತೊಡಗಿತು. "ಇದಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂತ ನಂಗೊತ್ತು ಮಾವ, ಸ್ಯಾಂಪಲ್ ಸಾಲದು" ಎಂದು ಫೋನಿನಲ್ಲಿ ಹೇಳಿದ ಮನುಷ್ಯ, ಮರುವಾರ ಹಾಸನಾಂಬೆ ಬಾಗಿಲು ತೆಗೆಯುವುದು ಯಾವತ್ತು ಎಂದು ವಿಚಾರಿಸಿದರು.

ಆ ಅಕ್ಟೋಬರ್‌ನ ವಿಷಯ ಅವರೆದುರು ಎತ್ತುವಂತಿಲ್ಲ, ಇಲ್ಲಿ ಬರೆಯುತ್ತೇನೆ. ನಮ್ಮಲ್ಲಿ ದೀಪಾವಳಿ ಅಮಾವಾಸ್ಯೆಯ ಬೆಳಿಗ್ಗೆ. ಟೊರಾಂಟೊದಲ್ಲಿ ಪ್ಲೇ-ಆಫ್ ಸರಣಿಯ ಕೊನೆಯ, ಏಳನೆಯ ಪಂದ್ಯ, ಗೆದ್ದರೆ ವರ್ಲ್ಡ್ ಸೀರೀಸ್. ಏಳನೆಯ ಇನ್ನಿಂಗ್ಸಿನ ತನಕ 3-1ರಿಂದ ಮುಂದೆ. ಮಗಳು ವೀಡಿಯೋ ಕರೆಯಲ್ಲಿ ಗಂಡನ ಬೆನ್ನು ತೋರಿಸಿದಳು. ಟೀವಿಗೆ ಎರಡಡಿ ದೂರ ನೆಲದ ಮೇಲೆ ಕೂತಿದ್ದರು. ಎದುರಾಳಿಯ ಜಾರ್ಜ್ ಸ್ಪ್ರಿಂಗರ್ ಎಂಬಾತ ಒಂದೇ ಏಟಿಗೆ ಮೂರು ರನ್ ಹೊಡೆದ. 4-3. ಹತ್ತು ನಿಮಿಷ ಬೆನ್ನು ಅಲುಗಲಿಲ್ಲ. ಪಟಾಕಿ ಸದ್ದಿನಲ್ಲಿ ನನಗೇನೂ ಕೇಳಿಸಲಿಲ್ಲ, ಅವರು ಏನೂ ಹೇಳಲೂ ಇಲ್ಲ.

ಹಾಗಾದ ಮೇಲೆ ಯಾರಿಗಾದರೂ ವೈರಾಗ್ಯ ಬರಬೇಕು. ಫೆಬ್ರವರಿಯಲ್ಲಿ ಆಟಗಾರರು ಅರಿಜೋನಾದ ಬಿಸಿಲಿನಲ್ಲಿ ಅಭ್ಯಾಸ ಶುರು ಮಾಡುವ ಹೊತ್ತಿಗೆ ಇವರ ಮೆಸೇಜು ಬಂತು: "ಈ ಸಲ ನೋಡಿ ಮಾವ."

ನಮ್ಮ ವೀಸಾಕ್ಕೆ ಸಿಗುವುದು ಆರು ತಿಂಗಳು. ಒಂದು ಏಪ್ರಿಲ್ ರಾತ್ರಿ, ಹನ್ನೆರಡನೆಯ ಪಂದ್ಯವನ್ನೂ ಕಳೆದುಕೊಂಡಾದ ಮೇಲೆ ಅಳಿಯಂದಿರು ಟೀವಿಯ ದನಿ ಅಡಗಿಸಿ, ಫೋನಿನಲ್ಲಿ ಕ್ಯಾಲೆಂಡರ್ ತೆರೆದು ನನ್ನ ಪಕ್ಕ ಕೂತರು.

"ಮಾವ, ಮುಂದಿನ ವರ್ಷ ಮಾರ್ಚ್ ಬೇಡ, ಮೇ ತಿಂಗಳಲ್ಲಿ ಬನ್ನಿ."

"ಯಾಕೆ?"

"ಮೇಯಿಂದ ಆರು ತಿಂಗಳು ಅಂದ್ರೆ ಅಕ್ಟೋಬರ್ ಪೂರ್ತಿ ಸಿಗತ್ತೆ. ವರ್ಲ್ಡ್ ಸೀರೀಸ್ ಆ ತಿಂಗಳ ಕೊನೆಗೆ."

ನಾನು ಉತ್ತರ ಹುಡುಕುತ್ತಿದ್ದೆ. ಹುರುಳಿಕಾಯಿ ನಾರು ತೆಗೆಯುತ್ತಿದ್ದ ನನ್ನ ಹೆಂಡತಿ ತಲೆ ಎತ್ತಲಿಲ್ಲ.

"ಯಾಕೆ, ಈ ವರ್ಷದ್ದು ಮುಗಿದೇ ಹೋಯ್ತಾ? ಇನ್ನೂ 150 ಇದೆಯಲ್ಲ" ಎಂದಳು.