ಉಚಿತ ಸೇವಾಧುರೀಣರಿಗೆ ಒಂದು ಬಿನ್ನವತ್ತಳೆ

ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ, ಮುಂದಿನ ಸಾಲಿನಲ್ಲಿ ಮೇಲಕ್ಕೆ ಕರೆಯುವುದನ್ನೇ ಕಾಯುತ್ತಿರುವ ಗಣ್ಯರೇ, ಪುಟ ಇನ್ನೂ ತೆರೆದುಕೊಂಡಿಲ್ಲವೆಂದು ಬಾಗಿಲಲ್ಲೇ ನಿಂತಿರುವ ಮಹಾಜನರೇ,

ಇಂದಿನ ಸನ್ಮಾನಿತರಾದ ಶ್ರೀಯುತ ಇಂಟರ್ನೆಟ್ ಎಕ್ಸ್‌ಪ್ಲೋರರ್ ಅವರನ್ನು ಪರಿಚಯಿಸುವ ಅಗತ್ಯವಿಲ್ಲ. ಕಂಪ್ಯೂಟರ್ ಕೊಂಡವರ ಮನೆಗೆಲ್ಲ ತಾವಾಗಿಯೇ ಹೋಗಿ ಪರಿಚಯ ಮಾಡಿಕೊಂಡವರು ಇವರು. 1995ರ ಆಗಸ್ಟ್‌ನಲ್ಲಿ ಹುಟ್ಟಿದ್ದೇನೋ ಕಾಸು ಕೊಟ್ಟು ಕೊಳ್ಳಬೇಕಾದ ‘ಪ್ಲಸ್’ ಎಂಬ ಪೊಟ್ಟಣದಲ್ಲಿ. ಆದರೆ ಬಹುಬೇಗ ವೈರಾಗ್ಯ ಮೂಡಿತು. 2022ರ ಜೂನ್ 15ರಂದು ನಿವೃತ್ತರಾಗುವವರೆಗೂ ಇವರು ನಮ್ಮಿಂದ ಒಂದು ಪೈಸೆ ಮುಟ್ಟಲಿಲ್ಲ. ಕೊಟ್ಟವರೆಲ್ಲ ಬೇರೆಯವರು. ಅವರನ್ನೂ ಈ ಶುಭಸಂದರ್ಭದಲ್ಲಿ ಸ್ಮರಿಸೋಣ.

ಮೊದಲ ದಾನಿಗಳು ಸ್ಪೈಗ್ಲಾಸ್ ಕಂಪನಿಯವರು. ತಮ್ಮ ಮೊಸಾಯಿಕ್ ಬ್ರೌಸರಿನ ಪರವಾನಗಿಯನ್ನು, ಇವರನ್ನು ಕಟ್ಟುತ್ತಿದ್ದ ಮೈಕ್ರೋಸಾಫ್ಟ್‌ಗೆ ಕೊಟ್ಟರು. ಆದಾಯದಲ್ಲಿ ಪಾಲು ಬರುತ್ತದೆಂದು ಕಾದರು. ಮಾರಿದರೆ ತಾನೇ ಪಾಲು? ಸೊನ್ನೆಯಲ್ಲಿ ಶೇಕಡಾ ಎಷ್ಟು ಹಿಡಿದರೂ ಸೊನ್ನೆಯೇ ಎಂಬುದು ಅರಿವಾಗಿ ಜಗಳಕ್ಕೆ ನಿಂತ ಮೇಲೆ, 1997ರಲ್ಲಿ 80 ಲಕ್ಷ ಡಾಲರಿಗೆ ರಾಜಿಯಾಯಿತು. ಎರಡನೆಯ ದಾನಿ ನೆಟ್‌ಸ್ಕೇಪ್. ಬ್ರೌಸರ್ ಮಾರಿ ಬದುಕುತ್ತಿದ್ದ ಈ ಸಂಸ್ಥೆ 1998ರ ಜನವರಿಯಲ್ಲಿ ತಾನೂ ಬೆಲೆ ಅಳಿಸಿತು. ಅದೇ ವರ್ಷ ತನ್ನನ್ನೇ ಎಒಎಲ್‌ಗೆ ಮಾರಿಕೊಳ್ಳಲು ಒಪ್ಪಿತು.

ಆ ವರ್ಷದ ಮೇ ತಿಂಗಳಲ್ಲಿ ಅಮೆರಿಕದ ನ್ಯಾಯಾಂಗ ಇಲಾಖೆ ಮೈಕ್ರೋಸಾಫ್ಟ್ ಮೇಲೆ ದಾವೆ ಹೂಡಿತು. ಇವರನ್ನು ವಿಂಡೋಸ್‌ನಿಂದ ಬೇರ್ಪಡಿಸಲಾಗದು, ಕಿತ್ತರೆ ವಿಂಡೋಸೇ ಕೆಡುತ್ತದೆ ಎಂದು ಮೈಕ್ರೋಸಾಫ್ಟ್ ವಾದಿಸಿತು. ಮನೆಅಳಿಯನನ್ನು ಹೊರಗೆ ಕಳಿಸಿದರೆ ತೊಲೆ ಕುಸಿಯುತ್ತದೆ ಎನ್ನುವ ಮಾವನನ್ನು ಅದುವರೆಗೆ ಯಾವ ನ್ಯಾಯಾಲಯ ಕಂಡಿತ್ತು? ನ್ಯಾಯಮೂರ್ತಿ ಥಾಮಸ್ ಪೆನ್‌ಫೀಲ್ಡ್ ಜಾಕ್ಸನ್ 2000ದಲ್ಲಿ ಮೈಕ್ರೋಸಾಫ್ಟ್ ಎಂಬ ಮನೆಯನ್ನೇ ಎರಡು ಪಾಲು ಮಾಡಿ ಎಂದರು. ಮರುವರ್ಷ ಮೇಲ್ಮನವಿ ನ್ಯಾಯಾಲಯ, ಏಕಸ್ವಾಮ್ಯ ಉಳಿಸಿಕೊಳ್ಳಲು ಕಾನೂನು ಮುರಿದದ್ದು ನಿಜವೆಂದು ಒಪ್ಪಿಯೂ, ಪಾಲಿನ ಆದೇಶವನ್ನು ರದ್ದು ಮಾಡಿತು.

ಎದುರಾಳಿಗಳೆಲ್ಲ ನೆಲಕಚ್ಚಿದ ಮೇಲೆ ದುಡಿಯುವುದಾದರೂ ಯಾರಿಗಾಗಿ? 2001ರಲ್ಲಿ ಆರನೆಯ ಆವೃತ್ತಿ ಬಂತು, ಏಳನೆಯದು 2006ರಲ್ಲಿ. ನಡುವಿನ ಐದು ವರ್ಷ ಸನ್ಮಾನಿತರು ಯೋಗನಿದ್ರೆಯಲ್ಲಿದ್ದರು. ಜಾಲತಾಣ ಕಟ್ಟುವವರು ಒಂದೇ ಪುಟವನ್ನು ಲೋಕಕ್ಕೊಮ್ಮೆ, ಇವರಿಗೊಮ್ಮೆ ಬರೆದು ಆ ನಿದ್ರೆಗೆ ಭಂಗ ಬಾರದಂತೆ ಕಾದರು. ತೆರೆದ ಬಾಗಿಲಿಂದ ಕಳ್ಳರೂ ಬಂದರು. 2004ರಲ್ಲಿ ಅಮೆರಿಕದ ಸರ್ಕಾರಿ ಭದ್ರತಾ ತಂಡವೇ ಬೇರೆ ಬ್ರೌಸರ್ ಬಳಸುವುದೂ ಒಂದು ದಾರಿ ಎಂದು ಸೂಚಿಸಿತು. ದಕ್ಷಿಣ ಕೊರಿಯಾದಲ್ಲಂತೂ ಬ್ಯಾಂಕಿನ ಆನ್‌ಲೈನ್ ವ್ಯವಹಾರವೇ ಇವರ ಆಕ್ಟಿವ್‌ಎಕ್ಸ್ ಎಂಬ ತಂತ್ರಜ್ಞಾನಕ್ಕೆ ಕಟ್ಟುಬಿದ್ದು, ವರ್ಷಗಟ್ಟಲೆ ಬಿಡಿಸಿಕೊಳ್ಳಲಾಗದೆ ಒದ್ದಾಡಿತು.

ಕನ್ನಡಕ್ಕೂ ಇವರ ಸೇವೆ ಸಂದಿದೆ. ಯೂನಿಕೋಡ್ ಬೇರೂರುವ ಮುನ್ನ ನಮ್ಮ ಹಲವು ತಾಣಗಳು ಪುಟದೊಂದಿಗೇ ಇಳಿದುಬರುವ ಡೈನಮಿಕ್ ಫಾಂಟನ್ನು ನೆಚ್ಚಿದ್ದವು. ಮೈಕ್ರೋಸಾಫ್ಟಿನ ಮಾದರಿಯ ಆ ಅಕ್ಷರಗಳು ಇವರಿಗೆ ಮಾತ್ರ ದರ್ಶನ ಕೊಡುತ್ತಿದ್ದವು. ಬೇರೆ ಬ್ರೌಸರಿನಲ್ಲಿ ತೆರೆದವರಿಗೆ ಸುದ್ದಿಯ ಜಾಗದಲ್ಲಿ ಕಂಡದ್ದು ಅರ್ಥವಿಲ್ಲದ ಗುರುತುಗಳ ರಾಶಿ. ಕನ್ನಡ ಬಲ್ಲವರು ಕನ್ನಡ ಓದಲು ವಿಂಡೋಸ್ ಕೊಳ್ಳಬೇಕಾಯಿತು. ಬ್ರೌಸರಿಗೆ ಮಾತ್ರ ದುಡ್ಡಿಲ್ಲ!

ಬಳಕೆದಾರರೇ ಬ್ರೌಸರ್ ಆರಿಸಿಕೊಳ್ಳುವ ಪರದೆ ತೋರಿಸುವುದಾಗಿ 2009ರಲ್ಲಿ ಮೈಕ್ರೋಸಾಫ್ಟ್ ಯುರೋಪಿಯನ್ ಒಕ್ಕೂಟಕ್ಕೆ ಮಾತು ಕೊಟ್ಟಿತು. 2011ರಿಂದ 2012ರವರೆಗೆ ಆ ಪರದೆ ಹಲವರ ಕಂಪ್ಯೂಟರಿನಲ್ಲಿ ಕಾಣಲೇ ಇಲ್ಲ. ತಾಂತ್ರಿಕ ದೋಷವಂತೆ. 2013ರಲ್ಲಿ ಬಿದ್ದ ದಂಡ 56.1 ಕೋಟಿ ಯೂರೋ.

ಇಂಥವರಿಗೆ ಶಿಷ್ಯರ ಕೊರತೆಯಿಲ್ಲ. ಆಪಲ್‌ನ ಸಫಾರಿಯೂ ಉಚಿತವೇ. ಅದರಲ್ಲಿ ಮೊದಲಿಗೆ ತನ್ನ ಹುಡುಕುಯಂತ್ರವೇ ಸಿಗಲೆಂದು ಗೂಗಲ್ 2022ರಲ್ಲಿ ತೆತ್ತದ್ದು 2,000 ಕೋಟಿ ಡಾಲರ್ ಎಂದು ನ್ಯಾಯಾಲಯದ ದಾಖಲೆಗಳಲ್ಲಿ ಬಯಲಾಯಿತು. ನಾವು ಪುಕ್ಕಟೆ ಪಡೆದ ಪೆಟ್ಟಿಗೆಯ ಒಂದು ಮೂಲೆಯ ಬಾಡಿಗೆ ಅದು. ನಮ್ಮ ಸೋಮಾರಿತನಕ್ಕೆ ಮಾರುಕಟ್ಟೆಯಲ್ಲಿ ಇಷ್ಟು ಬೆಲೆಯಿದೆಯೆಂದು ಮೊದಲೇ ಗೊತ್ತಿದ್ದರೆ ನಾವೇ ಮಾರಿಕೊಳ್ಳುತ್ತಿದ್ದೆವು.

ಈಗ ಸನ್ಮಾನಿತರಿಗೆ ಮೈಸೂರು ಪೇಟ, ಗಂಧದ ಹಾರ, ಫಲತಾಂಬೂಲ ಸಲ್ಲಿಸೋಣ; ಜೋರಾದ ಚಪ್ಪಾಳೆ ಬರಲಿ. ವಂದನಾರ್ಪಣೆಗೆ ಬೇರೆಯವರನ್ನು ಗೊತ್ತುಮಾಡಿದ್ದೆವು. ಆದರೆ ಇವರ ಉತ್ತರಾಧಿಕಾರಿ ಶ್ರೀಯುತ ಎಡ್ಜ್, ಯಾರೂ ಕರೆಯದಿದ್ದರೂ, ಆಗಲೇ ಮೈಕ್ ಹಿಡಿದು ನಿಂತಿದ್ದಾರೆ.