ಮಿಸ್ ಮಾಡ್ಕೊಂಡವರು

ಕ್ಯಾಲಿಫೋರ್ನಿಯಾದ ಬೇಸಿಗೆಯಲ್ಲಿ ಭಾನುವಾರ ರಾತ್ರಿ ಎಂಟಾದರೆ ಯಗಟಿಯಲ್ಲಿ ಸೋಮವಾರ ಬೆಳಗ್ಗೆ ಎಂಟೂವರೆ. ಆ ಹೊತ್ತಿನ ವಿಡಿಯೋ ಕಾಲಿನಲ್ಲಿ ಮೊಮ್ಮಗ ಪಾಪ್‌ಕಾರ್ನ್ ಅಗಿಯುತ್ತಲೇ ‘ಐ ಮಿಸ್ ಯೂ ಅಜ್ಜಿ’ ಅಂದರೆ ಅಜ್ಜಿ ತಬ್ಬಿಬ್ಬಾಗುವುದು ಇಂಗ್ಲಿಷ್ ಬಾರದ್ದಕ್ಕಲ್ಲ. ಕಡೂರು ಸೀಮೆಗೆ ಮಿಸ್ ಹಳೆಯ ನೆಂಟ. ಬಸ್ಸು ಮಿಸ್ಸಾಗುತ್ತದೆ, ಬೀರೂರು ಜಂಕ್ಷನ್ನಿನಲ್ಲಿ ಶಿವಮೊಗ್ಗದ ರೈಲು ಮಿಸ್ಸಾಗುತ್ತದೆ, ಪಾಠ ಹೇಳುವವರು ಮಿಸ್ಸು. 2003ರಲ್ಲಿ ಒಳಬರುವ ಕರೆ ಪುಕ್ಕಟೆಯಾದ ಮೇಲಂತೂ ಮಿಸ್ ಕಾಲು ‘ಕೊಡುವ’ ವಸ್ತುವೇ ಆಯಿತು. ಅಜ್ಜಿ ಇದರಲ್ಲಿ ಯಾವುದು?

ಈ ‘ಮಿಸ್ ಯೂ’ಗೆ ಕನ್ನಡದಲ್ಲಿ ಪದವೇ ಇಲ್ಲ ಅನ್ನುವುದು ಹೊರನಾಡಿನವರ ಹಳೇ ದೂರು. ‘ನೆನಪಾಗ್ತಿದೆ’ ಇದೆಯಲ್ಲ ಅಂದರೆ, ನೆನಪು ಗ್ಯಾಸ್ ಸಿಲಿಂಡರಿನದೂ ಆಗುತ್ತದೆ ಅನ್ನುತ್ತಾರೆ. ನಿಜವೇ. ಆದರೆ ‘ಹಂಬಲ’ ಎಲ್ಲಿ ಹೋಯಿತು? ಅದು ಪುಸ್ತಕದ ಪದ ಅನ್ನುವವರು ತಾಯಿ ಊರಿಗೆ ಹೋದಾಗ ಎಳೆಗೂಸು ಏನು ಮಾಡುತ್ತದೆಂದು ಹಳ್ಳಿಯಲ್ಲಿ ಕೇಳಲಿ. ಹಂಬಲಿಸಿದ ಕೂಸು ಹಾಲು ಮುಟ್ಟುವುದಿಲ್ಲ, ಮೈ ಬಿಸಿಯಾಗುತ್ತದೆ. ನಮ್ಮಲ್ಲಿ ಪದಕ್ಕೆ ಕೊರತೆಯಿಲ್ಲ. ಪಾಪ್‌ಕಾರ್ನ್ ಬಾಯಲ್ಲಿಟ್ಟುಕೊಂಡು ಆಡುವಷ್ಟು ಹಗುರಾದ ಪದಕ್ಕೆ ಮಾತ್ರ ಕೊರತೆ. ಆ ಜಾಗಕ್ಕೆ ಬೆಂಗಳೂರಿನ ಹುಡುಗರು ತಯಾರಿಸಿದ್ದು ‘ಮಿಸ್ ಮಾಡ್ಕೊಳ್ತಿದೀನಿ’. ಮಡಿವಂತರು ಮೂಗು ಮುರಿದರೂ ನನಗೆ ಇದು ಇಂಗ್ಲಿಷಿಗಿಂತ ಪ್ರಾಮಾಣಿಕ ಅನಿಸುತ್ತದೆ. ‘ಬಸ್ ಮಿಸ್ಸಾಯ್ತು’ ಅಂದರೆ ತಪ್ಪು ಬಸ್ಸಿನದು. ‘ಮಿಸ್ ಮಾಡ್ಕೊಂಡೆ’ ಅಂದರೆ ಮಲಗಿದ್ದು ನಾನೇ. ಹಾಗಾದರೆ ‘ಊರನ್ನು ಮಿಸ್ ಮಾಡ್ಕೊಳ್ತಿದೀನಿ’ ಅಂದವನು ಏನು ಒಪ್ಪಿಕೊಂಡಂತಾಯಿತು? ಇಂಗ್ಲಿಷಿನ ಮಿಸ್ಸಿಗೂ ಮೊದಲಿದ್ದ ಅರ್ಥ ಗುರಿ ತಪ್ಪುವುದೇ. ವಿರಹ ಆಮೇಲೆ ಅಂಟಿಕೊಂಡದ್ದು. ಕನ್ನಡವೋ ಬಸ್ಸು ತಪ್ಪುವುದಕ್ಕೂ ಮನುಷ್ಯ ಮಾಡುವ ತಪ್ಪಿಗೂ ಒಂದೇ ಪದ ಇಟ್ಟುಕೊಂಡು ಮೊದಲೇ ಸಿದ್ಧವಾಗಿತ್ತು. ‘ಕೊಳ್ಳು’ ಬಂದಲ್ಲೆಲ್ಲ ತಪ್ಪೊಪ್ಪಿಗೆ ಹುಡುಕಬಾರದು, ‘ಅಡುಗೆ ಮಾಡ್ಕೊಂಡೆ’, ‘ಮದುವೆ ಮಾಡ್ಕೊಂಡೆ’ ಅಂತಲೂ ಇದೆಯಲ್ಲ ಎಂದು ವ್ಯಾಕರಣ ಬಲ್ಲವರು ತಕರಾರು ತೆಗೆಯಬಹುದು. ಅಡುಗೆಯ ಮಟ್ಟಿಗೆ ಒಪ್ಪೋಣ.

ಇನ್ನು, ಹೇಳದೆ ಹೋದರೆ ಆಚೆಯವರಿಗೆ ತಿಳಿಯುವುದು ಹೇಗೆ ಎಂಬ ಪ್ರಶ್ನೆ. ಅದಕ್ಕೆ ಬಿಕ್ಕಳಿಕೆ ಇದೆ. ನೆನೆಯುವವರು ಬಾಯಿ ಬಿಡಬೇಕಿಲ್ಲ, ಬಿಕ್ಕುವುದು ನೆನಪಾದವರ ಪಾಲಿಗೆ. ಒಬ್ಬೊಬ್ಬರ ಹೆಸರೇ ಹೇಳುತ್ತ ಹೋದರೆ ಯಾರ ಹೆಸರಿಗೆ ನಿಲ್ಲುತ್ತದೋ ಅವರೇ ಕರೆ ಮಾಡಿದವರು. ಸಿಮ್ಮು, ಬಿಲ್ಲು ಯಾವುದೂ ಬೇಡ. ತೊಂದರೆಯೆಂದರೆ ಹೊತ್ತಿನದು. ಯಗಟಿಯ ಅಜ್ಜಿ ಮುದ್ದೆ ಉಂಡು, ಎಲೆಯಡಿಕೆ ಹಾಕಿಕೊಂಡು, ಮಗನನ್ನು ನೆನೆಯುವ ರಾತ್ರಿ ಒಂಬತ್ತೂವರೆಗೆ ಅಲ್ಲಿ ಬೆಳಗಿನ ಒಂಬತ್ತರ ಮೀಟಿಂಗು. ಅವನು ಮೈಕು ಮ್ಯೂಟ್ ಮಾಡಿ, ಲೋಟ ನೀರು ಗಟಗಟ ಕುಡಿದು, ಮ್ಯಾನೇಜರನ ಹೆಸರಿನಿಂದ ಶುರು ಮಾಡುತ್ತಾನೆ.