ಹೆಲ್ಮೆಟ್ಟಿನೊಳಗೆ ಕಾವು

ಮೂವತ್ತೊಂದು ವರ್ಷ ನಾನು ಬ್ಯಾಂಕಿನಲ್ಲಿ ಕೂತು ಆಡುಗಳನ್ನು ಮಂಜೂರು ಮಾಡಿದವನು. ಸಾಕಿದವನಲ್ಲ, ಮಂಜೂರು ಮಾಡಿದವನು. ಐಆರ್‌ಡಿಪಿ ಸಾಲಗಳ ಕಾಲದಲ್ಲಿ ನನ್ನ ರುಜು ಬಿದ್ದ ಆಡು, ಕುರಿಗಳನ್ನೆಲ್ಲ ಒಂದೇ ದಿನ ಮೇಯಲು ಬಿಟ್ಟಿದ್ದರೆ ಹುಲಿಯೂರುದುರ್ಗದ ಬೆಟ್ಟ ಸಂಜೆಯೊಳಗೆ ಬೋಳಾಗುತ್ತಿತ್ತು. ಆಡು ಅಂದರೆ ನನಗೆ ‘20+1’. ಇಪ್ಪತ್ತು ಹೆಣ್ಣು, ಒಂದು ಹೋತ, ಸೇರಿ ಒಂದು ಯೂನಿಟ್ಟು. ಆ ‘+1’ ಬೆದೆಗೆ ಬಂದಾಗ ತನ್ನ ಗಡ್ಡಕ್ಕೆ ತಾನೇ ಉಚ್ಚೆ ಹೊಯ್ದುಕೊಂಡು, ಅದನ್ನೇ ಅತ್ತರು ಅಂತ ತಿಳಿದು ಮದುಮಗನ ಗತ್ತಿನಲ್ಲಿ ಓಡಾಡುತ್ತದೆ ಎಂಬ ಮಾಹಿತಿ ಯಾವ ಪ್ರಾಜೆಕ್ಟ್ ರಿಪೋರ್ಟಿನಲ್ಲೂ ಇರಲಿಲ್ಲ.

ನಿವೃತ್ತಿಯಾದ ಮೇಲೆ ಕುಣಿಗಲ್ ದಾಟಿ ಇಪ್ಪತ್ತು ಗುಂಟೆ ಜಮೀನು ಕೊಂಡೆ. ಹಿಂದೆಯೇ ನಾಲ್ಕು ಆಡು, ಒಂದು ಹೋತ, ಒಂಬತ್ತು ಕೋಳಿ ಬಂದವು. ‘ಡಾಕ್ಟ್ರು ನಿಮಗೆ ವಾಕಿಂಗ್ ಸಾಕು ಅಂದಿದ್ರು. ಆಡು ಸಾಕು ಅಂದಿರಲಿಲ್ಲ’ ಎಂದಳು ಹೆಂಡತಿ. ಆಮೇಲೆ ಆಕೆ ಈ ವಿಷಯದಲ್ಲಿ ಬಾಯಿ ಬಿಟ್ಟಿಲ್ಲ, ಮೂಗು ಮಾತ್ರ ಮುಚ್ಚಿಕೊಂಡಿದ್ದಾಳೆ.

ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆ ನಂಬಿ ನಾನು ಕೆಟ್ಟೆ. ಗಾದೆ ಕಟ್ಟಿದವನು ಖಂಡಿತ ಆಡು ಸಾಕಿದ್ದವನೇ. ‘ತಿನ್ನದ’ ಅನ್ನಲಿಲ್ಲ ನೋಡಿ, ‘ಮುಟ್ಟದ’ ಅಂದ. ನಮ್ಮವು ಎಲ್ಲವನ್ನೂ ಮುಟ್ಟುತ್ತವೆ. ಮುಟ್ಟಿ, ಮೂಸಿ, ತುದಿ ಕಚ್ಚಿ, ಬೀಗರ ಮನೆಯ ಊಟಕ್ಕೆ ಕೂತವರಂತೆ ಮುಖ ತಿರುಗಿಸುತ್ತವೆ. ನೆಲಕ್ಕೆ ಬಿದ್ದ ಎಲೆ ಅವಕ್ಕೆ ಮೈಲಿಗೆ. ಹಲಸಿನ ಸೊಪ್ಪನ್ನು ಕಟ್ಟು ಕಟ್ಟಿ ಕತ್ತಿನೆತ್ತರಕ್ಕೆ ತೂಗುಹಾಕಬೇಕು ಅಂತ ಪಕ್ಕದ ಹೊಲದ ಅಜ್ಜಿ ಹೇಳಿಕೊಡುವ ಹೊತ್ತಿಗೆ ನಾನು ಮೂರು ಹೊರೆ ತುಳಿಸಿ ಗೊಬ್ಬರ ಮಾಡಿದ್ದೆ. ಇಷ್ಟು ಮಡಿಯ ಪ್ರಾಣಿ, ಮೇಲ್ದವಡೆಯಲ್ಲಿ ಮುಂದಿನ ಹಲ್ಲೇ ಇಲ್ಲದ ಪ್ರಾಣಿ, ನನ್ನ ಬೀಳ್ಕೊಡುಗೆಯ ಬಿನ್ನವತ್ತಳೆಯನ್ನು ಮಾತ್ರ ಗೋಡೆಯಿಂದ ಎಳೆದು ತಿಂದಿತು. ‘ಕಾರ್ಯದಕ್ಷ’ದವರೆಗೆ ತಿಂದು ‘ಸರಳ ಸಜ್ಜನ’ವನ್ನು ಬಿಟ್ಟಿತ್ತು. ಸಪ್ಪೆಯಾದದ್ದನ್ನು ಅದು ಬಿಡುತ್ತದೆ.

ಭಾನುವಾರ ಬೆಂಗಳೂರಿನಿಂದ ನೆಂಟರು ಬರುತ್ತಾರೆ. ಮರಿ ಎತ್ತಿಕೊಂಡು ಫೋಟೊ, ಮಂಕರಿ ಪಕ್ಕ ಕೂತು ಫೋಟೊ. ಡಜನ್ ನಾಟಿ ಮೊಟ್ಟೆ ಕಟ್ಟಿಸಿಕೊಂಡು, ‘ನಿಮಗೇನ್ರೀ, ಖರ್ಚಿಲ್ಲದ ಬದುಕು’ ಅಂತ ಹೇಳಿ ಕಾರು ಹತ್ತುತ್ತಾರೆ. ಪಿಪಿಆರ್ ಲಸಿಕೆಗೆ ಆಡುಗಳ ಕಾಲು ಹಿಡಿದುಕೊಳ್ಳಲು ಇವರಲ್ಲಿ ಒಬ್ಬರಾದರೂ ಬಂದಿದ್ದರೆ ಹೇಳಲಿ. ಕೊಕ್ಕರೆ ರೋಗ ಬಂದರೆ ಕೋಳಿ ಕತ್ತು ತಿರುಚಿಕೊಂಡು, ನಾಲ್ಕೇ ದಿನದಲ್ಲಿ ಗೂಡು ಖಾಲಿಯಾಗುತ್ತದೆ ಅಂದರೆ, ‘ಅಯ್ಯೋ, ಮೊಟ್ಟೆ ತಿನ್ನಬಹುದು ತಾನೆ?’ ಎಂಬ ಚಿಂತೆ ಅವರಿಗೆ.

ಇರಲಿ. ಹೇಳಬೇಕೆಂದಿದ್ದದ್ದು ಹೆಲ್ಮೆಟ್ಟಿನ ಸಂಗತಿ.

ನನ್ನ ಕೋಳಿಗಳಲ್ಲಿ ಎಂಟು ಗಿರಿರಾಜ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ತಳಿ. ಮೈ ತುಂಬಿಕೊಂಡಿವೆ, ಮೊಟ್ಟೆ ಇಡುತ್ತವೆ. ಕಾವು ಕೂರು ಅಂದರೆ ಮಾತ್ರ ಅದು ತಮ್ಮ ಇಲಾಖೆಯ ಕೆಲಸವಲ್ಲ ಎಂಬಂತೆ ಎದ್ದು ಹೋಗುತ್ತವೆ. ಒಂಬತ್ತನೆಯದು ಅಜ್ಜಿ ಕೊಟ್ಟ ನಾಟಿ ಹ್ಯಾಟೆ. ಅದಕ್ಕೆಂದು ಮಂಕರಿಗೆ ಹುಲ್ಲು ಹಾಸಿ, ಬೂದಿ ಉದುರಿಸಿ, ಮೂಲೆಯಲ್ಲಿಟ್ಟು ಕಾದೆ. ಅದು ಹೋಗಿ ಹೊಟ್ಟಿನ ಮೂಟೆಯ ಮೇಲೆ ಅಂಗಾತ ಬಿದ್ದಿದ್ದ ನನ್ನ ಹೆಲ್ಮೆಟ್ಟಿನಲ್ಲಿ ಏಳು ಮೊಟ್ಟೆ ಇಟ್ಟು ಕೂತುಬಿಟ್ಟಿತು. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ಟು. ಕತ್ತು ತೂರಿಸುವ ಕಡೆ ಬಾಲ, ಗಾಜಿನ ಕಿಂಡಿಯಲ್ಲಿ ಕೋಳಿಯ ಮುಖ.

ಕೈ ಹಾಕಲು ಹೋದೆ. ಅಜ್ಜಿ ಗದರಿದಳು: ‘ಕೂತ ಜಾಗ ಬಿಡಿಸಿದ್ರೆ ಕಾವು ಕೆಡ್ತದೆ. ಇಪ್ಪತ್ತೊಂದು ದಿನ ನಿನ್ ತಲೆಗೆ ಏನೂ ಆಗಲ್ಲ, ಬುಡು.’ ಏಳನೇ ರಾತ್ರಿ ಅವಳೇ ಬಂದು ಒಂದೊಂದೇ ಮೊಟ್ಟೆಯನ್ನು ಟಾರ್ಚಿಗೆ ಹಿಡಿದು ತೋರಿಸಿದಳು. ಒಳಗೆ ಜೇಡರ ಬಲೆಯಂಥ ಕೆಂಪು ಎಳೆಗಳು, ನಡುವೆ ಮಿಡಿಯುವ ಚುಕ್ಕೆ. ಅದನ್ನು ನೋಡಿದ ಮೇಲೆ ಹೆಲ್ಮೆಟ್ಟು ನನ್ನದು ಅನ್ನಲು ಬಾಯಿ ಬರಲಿಲ್ಲ.

ಹನ್ನೊಂದನೆಯ ದಿನ ಪೇಟೆಯ ಸರ್ಕಲ್ಲಿನಲ್ಲಿ ಪೊಲೀಸಿನವರು ಸ್ಕೂಟರಿಗೆ ಕೈ ಅಡ್ಡ ಹಿಡಿದರು.

‘ಹೆಲ್ಮೆಟ್ ಎಲ್ಲಿ ಯಜಮಾನ್ರೆ?’

‘ಕೋಳಿ ಕಾವು ಕೂತಿದೆ.’

ಆತ ರಸೀದಿ ಯಂತ್ರ ಕೆಳಗಿಳಿಸಿದರು. ಕುಡಿದಿದ್ದೇನೋ ಅಂತ ಹತ್ತಿರ ಬಂದು ಮೂಸಿದರು. ಹೋತದ ವಾಸನೆಗೆ ಎರಡು ಹೆಜ್ಜೆ ಹಿಂದೆ ಸರಿದರು.

‘ಪುರಾವೆ?’

ಮೊಬೈಲು ತೆಗೆದು ಫೋಟೊ ತೋರಿಸಿದೆ. ಕಿಂಡಿಯೊಳಗಿಂದ ಹ್ಯಾಟೆ ಕೆಕ್ಕರಿಸಿ ನೋಡುತ್ತಿತ್ತು. ಆತ ಬೆರಳಾಡಿಸಿ ಚಿತ್ರ ದೊಡ್ಡದು ಮಾಡಿದರು, ತಿರುಗಿಸಿದರು, ಇನ್ನೊಬ್ಬ ಪೇದೆಯನ್ನು ಕರೆದರು. ಹಿಂದೆ ನಿಲ್ಲಿಸಿದ್ದ ಮೂರು ಬೈಕಿನವರೂ ಬಂದು ಬಗ್ಗಿದರು.

‘ನಾಟಿನಾ?’

‘ನಾಟಿ.’

‘ಎಷ್ಟು ಮೊಟ್ಟೆ?’

‘ಏಳು.’

‘ಒಂಬತ್ತು ಹಿಡಿಸೋದು. ಎಷ್ಟು ದಿನ ಆಯ್ತು?’

‘ಹನ್ನೊಂದು.’

‘ಇನ್ನು ಹತ್ತು’ ಅಂತ ಬೆರಳು ಮಡಿಸಿದರು. ಹಳ್ಳಿಯಲ್ಲಿ ಹುಟ್ಟಿ ಬೆಳೆದ ಆಸಾಮಿ, ಸಿಕ್ಕಿಕೊಂಡೆ. ‘ಕಾವು ಕೂತ ಕೋಳಿ ದಿನಕ್ಕೊಂದ್ಸಲ ಎದ್ದು ಮೇಯಕ್ಕೆ ಹೋಗ್ತದಲ್ಲ ಸಾರ್? ಕಾಲು ಗಂಟೆ. ಆವಾಗ ಹೆಲ್ಮೆಟ್ ಹಾಕ್ಕೊಂಡು ಬಂದು ಹೋಗಬೇಕಿತ್ತು.’

‘ಮೊಟ್ಟೆ ಎಲ್ಲಿಡಲಿ?’

ಆತ ಒಂದು ಕ್ಷಣ ನಿಜಕ್ಕೂ ಯೋಚಿಸಿದರು. ಬೈಕಿನವನೊಬ್ಬ ‘ಡಿಕ್ಕೀಲಿ’ ಅಂದ. ಇನ್ನೊಬ್ಬ, ಆರಿಹೋಗುತ್ತೆ ಕಣೋ ಅಂದ. ಇನ್ನೊಂದು ಹೆಲ್ಮೆಟ್ ಕೊಳ್ಳಬಹುದಿತ್ತಲ್ಲ ಅಂತ ಪೇದೆ ಕೇಳಿದರು. ‘ಇಪ್ಪತ್ತೊಂದು ದಿನದ ವ್ಯವಹಾರಕ್ಕೆ ಯಾರಾದರೂ ಬಂಡವಾಳ ಹಾಕುತ್ತಾರಾ?’ ಅಂತ ನನ್ನೊಳಗಿನ ಬ್ಯಾಂಕಿನವನು ಉತ್ತರ ಕೊಟ್ಟ. ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ಸರ್ಕಲ್ಲಿನಲ್ಲಿ ಬಸ್ಸೊಂದು ಹಾರ್ನ್ ಬಾರಿಸುತ್ತಿತ್ತು.

ಕೊನೆಗೆ ಆತ ಯಂತ್ರ ಎತ್ತಿದರು. ‘ನಿಮ್ಮ ಮಾತು ನಂಬಿದ್ದೀನಿ ಸಾರ್. ಆದ್ರೆ ಕೋಳಿ ಹೆಲ್ಮೆಟ್ ಹಾಕ್ಕೊಂಡಿದೆ, ನೀವು ಹಾಕ್ಕೊಂಡಿಲ್ಲ. ಇವತ್ತು ನಿಮ್ಮನ್ನ ಬಿಟ್ರೆ ನಾಳೆ ಒಬ್ಬ ಆಡು ಲೈಸೆನ್ಸ್ ತಿಂತು ಅಂತ ಬರ್ತಾನೆ. ರೂಲ್ಸು.’ ರಸೀದಿ ಹೊರಗೆ ಬಂತು, 500 ರೂಪಾಯಿ.

ದಾರಿಯುದ್ದಕ್ಕೂ ಒಬ್ಬನೇ ನಗುತ್ತಾ ಬಂದೆ. ಗೇಟಿನ ಹತ್ತಿರ ನಗು ನಿಂತುಹೋಯಿತು.

ತೊಂಬತ್ತೆರಡನೇ ಇಸವಿ ಇರಬೇಕು. ಒಬ್ಬ ಹೆಣ್ಣುಮಗಳು ನನ್ನ ಮೇಜಿನ ಮುಂದೆ ನಿಂತಿದ್ದಳು. ಸಾಲದ ಆಡಿನ ಕಿವಿಗೆ ವಿಮೆಯ ಓಲೆ ಚುಚ್ಚಿರುತ್ತಿತ್ತು. ಆಡು ಸತ್ತರೆ ಓಲೆಸಮೇತ ಕಿವಿ ಕತ್ತರಿಸಿ ತರಬೇಕು, ಆಗಲೇ ಪರಿಹಾರ. ಅವಳು ಬರಿಗೈಯಲ್ಲಿ ಬಂದಿದ್ದಳು. ಚಿರತೆ ಎಳೆದುಕೊಂಡು ಹೋಯಿತು ಅಂದಳು. ‘ಕಿವಿ?’ ಅಂದೆ. ‘ಹೊತ್ಕೊಂಡೋದ್ದು ಕಿವಿ ಬುಟ್ಟೋಯ್ತದಾ ಸ್ವಾಮಿ?’ ಅಂದಳು. ಕೌಂಟರಿನವರೆಲ್ಲ ನಕ್ಕರು. ಅವಳ ಸೆರಗಿನಲ್ಲಿ ಒಂದು ಕೊರಳ ಗಂಟೆ ಇತ್ತು, ಹಗ್ಗ ಹರಿದದ್ದು. ಅದನ್ನು ಮೇಜಿನ ಮೇಲಿಟ್ಟಳು. ನಮೂನೆಯಲ್ಲಿ ಗಂಟೆಗೆ ಕಾಲಂ ಇರಲಿಲ್ಲ. ‘ಓಲೆಸಹಿತ ಕಿವಿ ಹಾಜರುಪಡಿಸದ ಕಾರಣ’ ಅಂತ ಬರೆದು ಅರ್ಜಿ ವಾಪಸ್ಸು ಮಾಡಿದೆ. ನಾನೂ ಅವಳ ಮಾತು ನಂಬಿದ್ದೆ. ನಂಬಿಕೊಂಡೇ ಬರೆದೆ. ಅವಳು ಕೂಲಿ ಮಾಡಿ, ಇಲ್ಲದ ಆಡಿನ ಸಾಲವನ್ನು ಇಪ್ಪತ್ತೈದು ಇಪ್ಪತ್ತೈದು ರೂಪಾಯಿಯಂತೆ ಕಟ್ಟಿ ತೀರಿಸಿದಳು. ‘ಕಿವಿ ತನ್ನಿ’ ಕಥೆಯನ್ನು ನಾನು ಎಷ್ಟೋ ಬೀಳ್ಕೊಡುಗೆ ಸಮಾರಂಭಗಳಲ್ಲಿ ಹೇಳಿ ಜನರನ್ನು ನಗಿಸಿದ್ದೇನೆ. ನನ್ನ ಬೀಳ್ಕೊಡುಗೆಯಲ್ಲೂ ಹೇಳಿದೆ.

ಈಗ ನಮ್ಮ ಆಡುಗಳಲ್ಲಿ ಒಂದು ಗಬ್ಬವಾಗಿದೆ, 150 ದಿನದ ಲೆಕ್ಕದಲ್ಲಿ ಇನ್ನು ಮೂರು ವಾರ. ಕತ್ತಲಾದ ಮೇಲೆ ನಾಯಿ ಬೊಗಳಿದರೆ ಟಾರ್ಚು ಹಿಡಿದು ಎದ್ದು ಹೋಗುತ್ತೇನೆ. ಎಣಿಸುತ್ತೇನೆ. ಮತ್ತೆ ಮಲಗಿ, ಮತ್ತೆ ಎದ್ದು ಎಣಿಸುತ್ತೇನೆ. ಇರುವುದು ಐದೇ.

ಇಪ್ಪತ್ತೊಂದನೆಯ ದಿನ ಏಳರಲ್ಲಿ ಐದು ಮೊಟ್ಟೆ ಒಡೆದು ಮರಿಯಾದವು. ಹ್ಯಾಟೆ ಮರಿಗಳನ್ನು ಕರೆದುಕೊಂಡು ಕೆಳಗಿಳಿದ ಮೇಲೆ ಹೆಲ್ಮೆಟ್ಟನ್ನು ಸೀಗೆಪುಡಿ ಹಾಕಿ ತೊಳೆದು, ಎರಡು ದಿನ ಬಿಸಿಲಿಗಿಟ್ಟು, ಉಸಿರು ಬಿಗಿಹಿಡಿದು ತಲೆಗೇರಿಸಿಕೊಂಡು ಪೇಟೆಗೆ ಹೊರಟೆ. ಸರ್ಕಲ್ಲಿನಲ್ಲಿ ರಸೀದಿ ಕೊಟ್ಟ ಅದೇ ಪೊಲೀಸಿನವರು. ದೂರದಿಂದಲೇ ಏನೋ ಕೂಗಿ ಕೇಳಿದರು, ಹೆಲ್ಮೆಟ್ಟಿನೊಳಗೆ ಕೇಳಿಸಲಿಲ್ಲ. ಕೇಳಿದ್ದು ಅದೇ ಇರಬೇಕು ಅಂದುಕೊಂಡು ಐದು ಬೆರಳು ಎತ್ತಿ ತೋರಿಸಿದೆ. ಸೆಲ್ಯೂಟ್ ಹೊಡೆದರು.

ಮನೆಯಿಂದ ಅಲ್ಲಿಯವರೆಗೂ ಎಡಗಿವಿಯ ಹತ್ತಿರ ಏನೋ ಚುಚ್ಚುತ್ತಲೇ ಇತ್ತು. ಅಂಗಡಿ ಮುಂದೆ ನಿಲ್ಲಿಸಿ ಬೆರಳು ಹಾಕಿ ತೆಗೆದೆ. ಮೊಟ್ಟೆಯ ಚಿಪ್ಪಿನ ಚೂರು.